ಸರ್ಪಸುತ್ತು: ಚಿಕನ್‌ಪಾಕ್ಸ್ ವೈರಸ್ ಇಷ್ಟು ವರ್ಷ ಮೈಯೊಳಗೇ ಇತ್ತಾ?

ಹೊಳೆದಂಡೆ_ತೀರ್ಥಹಳ್ಳಿ:
ಅಮ್ಮನಿಗೆ 63. ಬಲ ಪಕ್ಕೆಯಲ್ಲಿ ಎರಡು ದಿನ ಉರಿ, ನಿನ್ನೆ ಸಂಜೆಯಿಂದ ಸಾಲಾಗಿ ನೀರುಗುಳ್ಳೆ. ಸರ್ಪಸುತ್ತು, ಕೆಮ್ಮಣ್ಣು ಹಚ್ಚಿ, ಹೆಡೆ-ಬಾಲ ಕೂಡಿದರೆ ಕಷ್ಟ ಅಂತಿದ್ದಾರೆ ಊರವರು. ಚಿಕನ್‌ಪಾಕ್ಸ್ ಸಣ್ಣಂದಿನಲ್ಲೇ ಆಗಿತ್ತಂತೆ. ಅದೇ ವೈರಸ್ ಅಂದರೆ ಇಷ್ಟು ವರ್ಷ ಎಲ್ಲಿತ್ತು? ಮನೆಯಲ್ಲಿ ಬಸುರಿ ತಂಗಿ ಇದ್ದಾಳೆ. ಅಮ್ಮನಿಗೆ ಹಿಂದೆ ಮಂಗನ ಕಾಯಿಲೆಯೂ ಬಂದಿತ್ತು, ಅದೂ ಒಳಗೆ ಕೂತಿರುತ್ತಾ?

ನರಗಂಟು:
ಮೊದಲು ಇವತ್ತೇ ಡಾಕ್ಟರ ಹತ್ತಿರ ಹೋಗಿ, ಓದುವುದು ಆಮೇಲೆ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರುವಾದರೆ ಹೆಚ್ಚು ಉಪಯೋಗ.

ಚಿಕನ್‌ಪಾಕ್ಸ್ ವಾಸಿಯಾದರೂ ವೈರಸ್ ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ, ಅಂದರೆ ನರಕೋಶಗಳ ಗೊಂಚಲುಗಳಲ್ಲಿ, ಸುಮ್ಮನೆ ಉಳಿಯುತ್ತದೆ. ರೋಗ ತಡೆಯುವ ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯಾದ ಟಿ ಕಣಗಳು ಅದನ್ನು ಹತ್ತಿಕ್ಕಿರುತ್ತವೆ. 50 ದಾಟಿದ ಮೇಲೆ, ಅಥವಾ ಸ್ಟೀರಾಯ್ಡ್, ಕ್ಯಾನ್ಸರ್ ಚಿಕಿತ್ಸೆ, ಎಚ್‌ಐವಿ ಇದ್ದರೆ ಆ ಹಿಡಿತ ಸಡಿಲವಾಗಿ ವೈರಸ್ ಒಂದು ನರದ ಗುಂಟ ಚರ್ಮಕ್ಕೆ ಇಳಿಯುತ್ತದೆ. ಗುಳ್ಳೆಗಿಂತ ಮೊದಲೇ ಉರಿ ಬಂದದ್ದು ಅದಕ್ಕೇ.

ಆ ನರ ಹೋಗುವುದು ಮೈಯ ಒಂದೇ ಮಗ್ಗುಲಿಗೆ. ಹಾಗಾಗಿ ಹೆಡೆ-ಬಾಲ ಕೂಡುವ ಭಯ ಬಿಡಿ. ಆದರೆ ಗುಳ್ಳೆ ಮೈತುಂಬ ಹರಡಿದರೆ ಆಸ್ಪತ್ರೆಗೆ ಸೇರಿಸಬೇಕು.

ಹೀಗೆ ಉಳಿಯುವ ವೈರಸ್ ಇದೊಂದೇ ಅಲ್ಲ. ತುಟಿಯ ಮೇಲೆ ಮತ್ತೆ ಮತ್ತೆ ಏಳುವ ಹರ್ಪಿಸ್ ಮುಖದ ನರಗಂಟಿನಲ್ಲಿ, ಎಪ್‌ಸ್ಟೀನ್-ಬಾರ್ ಅನ್ನುವ ವೈರಸ್ ಬಿ ಕಣಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳಲ್ಲಿ ಇರುತ್ತವೆ. ಬಹುಪಾಲು ಜನಕ್ಕೆ ಎಪ್‌ಸ್ಟೀನ್-ಬಾರ್ ಇರುವುದೂ ಗೊತ್ತಾಗುವುದಿಲ್ಲ.

ಗುಳಿಗೆ_ಲೆಕ್ಕ:
ಆ ಮಾತ್ರೆಯ ಸಾಮಾನ್ಯ ಡೋಸ್: ಅಸೈಕ್ಲೋವಿರ್ 800 ಮಿ.ಗ್ರಾಂ ದಿನಕ್ಕೆ 5 ಸಲ, 7 ದಿನ. ಇಲ್ಲವೇ ವಲಾಸೈಕ್ಲೋವಿರ್ 1 ಗ್ರಾಂ ದಿನಕ್ಕೆ 3 ಸಲ, 7 ದಿನ. ಮೂತ್ರಪಿಂಡದ ತೊಂದರೆ ಇದ್ದರೆ ಡೋಸ್ ಇಳಿಸುತ್ತಾರೆ, ಮೊದಲೇ ಹೇಳಿ. ನೀರು ಚೆನ್ನಾಗಿ ಕುಡಿಸಿ.

ಎಡವುವುದು ಎಲ್ಲಿ ಅಂದರೆ, ಬರೀ ಅಸೈಕ್ಲೋವಿರ್ ಮುಲಾಮು ಹಚ್ಚಿ ಕೂರುವುದು, ತುಟಿ ಹರ್ಪಿಸ್‌ಗೆ ಕೊಡುವ ಸಣ್ಣ ಡೋಸನ್ನೇ ಇದಕ್ಕೂ ನುಂಗುವುದು, ಉರಿ ಇಳಿಯಿತು ಅಂತ ಮಧ್ಯದಲ್ಲಿ ಬಿಡುವುದು. ಕೆಮ್ಮಣ್ಣು ಒಡೆದ ಗುಳ್ಳೆಗೆ ಬೇಡವೇ ಬೇಡ, ಕೀವಾಗುತ್ತದೆ. ತೊಳೆದು ಒರೆಸಿ ಸಡಿಲ ಹತ್ತಿಬಟ್ಟೆ ಮುಚ್ಚಿ.

ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಅಲ್ಲಿಗೆ ಹೋಗುವ ನರವೇ ಕಣ್ಣಿಗೂ ಹೋಗುತ್ತದೆ. ಕಿವಿಯಲ್ಲಿ ಗುಳ್ಳೆಯಾಗಿ ಮುಖ ವಾರೆಯಾದರೂ ತಡಮಾಡಬಾರದು.

ಗುಳ್ಳೆ ಒಣಗಿ ಮೂರು ತಿಂಗಳಾದರೂ ನೋವು ಉಳಿದರೆ ಪ್ಯಾರಾಸಿಟಮಾಲ್ ಸಾಲುವುದಿಲ್ಲ. ಗಾಬಾಪೆಂಟಿನ್, ಅಮಿಟ್ರಿಪ್ಟಿಲಿನ್ ತರದ ನರದ ಮಾತ್ರೆ ಬೇಕು. ವಾಸಿಯಾದ ಮೇಲೆ ಸರ್ಪಸುತ್ತು ತಡೆಯುವ ಶಿಂಗ್ರಿಕ್ಸ್ ಲಸಿಕೆ ಕೇಳಿ: 50 ದಾಟಿದವರಿಗೆ, 2ರಿಂದ 6 ತಿಂಗಳ ಅಂತರದಲ್ಲಿ ಎರಡು ಡೋಸ್. ದುಬಾರಿ, ಆದರೆ ಈ ನೋವು ಕಂಡವರು ತಕರಾರು ಎತ್ತುವುದಿಲ್ಲ.

ನರಗಂಟು:
ತಂಗಿಯ ವಿಷಯ ಬಿಟ್ಟುಹೋಯಿತು. ಅಮ್ಮನಿಂದ ಅವಳಿಗೆ ಸರ್ಪಸುತ್ತು ಅಂಟುವುದಿಲ್ಲ. ಆದರೆ ಚಿಕನ್‌ಪಾಕ್ಸ್ ಆಗಿಲ್ಲದಿದ್ದರೆ, ಲಸಿಕೆಯೂ ಇಲ್ಲದಿದ್ದರೆ, ಗುಳ್ಳೆಯ ನೀರಿನಿಂದ ಚಿಕನ್‌ಪಾಕ್ಸ್ ಬರಬಹುದು. ಗುಳ್ಳೆ ಪೂರ್ತಿ ಒಣಗಿ ಹಕ್ಕಳೆ ಕಟ್ಟುವವರೆಗೆ, ಅಂದರೆ 7ರಿಂದ 10 ದಿನ, ಬೇರೆ ಕೋಣೆ, ಬೇರೆ ಟವೆಲ್. ಈಗಾಗಲೇ ಮುಟ್ಟಿದ್ದರೆ ಇವತ್ತೇ ಅವಳ ಡಾಕ್ಟರಿಗೆ ತಿಳಿಸಿ.

ಉಣುಗು_ಕಾಡು:
ಮಂಗನ ಕಾಯಿಲೆಯದು ಬೇರೆ ಜಾತಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ವೈರಸ್ ಉಣುಗಿನಿಂದ ಬರುತ್ತದೆ, ನರಗಂಟಿನಲ್ಲಿ ಹೀಗೆ ವರ್ಷಗಟ್ಟಲೆ ಅಡಗುವ ಪೈಕಿಯಲ್ಲ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಜ್ವರ, ತೀವ್ರ ತಲೆನೋವು, ಗೊಂದಲ ಬರುವುದುಂಟು. ಅದು ಅದೇ ಕಾಯಿಲೆಯ ಎರಡನೇ ಹಂತ. ನಿಮ್ಮ ಅಮ್ಮ ಅದನ್ನು ಯಾವಾಗಲೋ ದಾಟಿದ್ದಾರೆ.