ಡೆಸ್ಕ್‌ಟಾಪ್‌ಗೆ 10 ಗಿಗಾಬಿಟ್ ಲ್ಯಾನ್ ಕಾರ್ಡ್: ನೀವು ಯಾವುದು ಹಾಕಿದಿರಿ, ಎಷ್ಟು ಖರ್ಚು ಬಿತ್ತು?

ಮೈಸೂರು_ಎಡಿಟ್ (ಕೇಳಿದವರು)

ಬಿ550 ಮದರ್‌ಬೋರ್ಡ್, ವಿಂಡೋಸ್ 11. ಮೊದಲ ಸ್ಲಾಟ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಇದೆ, ಎರಡೂ ಎಂ.2 (ಎಸ್‌ಎಸ್‌ಡಿ ಕೂರಿಸುವ ಸ್ಲಾಟ್) ಭರ್ತಿ. ಮಹಡಿ ಮೇಲಿನ ಕೋಣೆಯಲ್ಲಿ ಲಿನಕ್ಸ್ ನ್ಯಾಸ್ (ನೆಟ್‌ವರ್ಕ್ ಮೂಲಕ ಫೈಲ್ ಕೊಡುವ ಸ್ಟೋರೇಜ್ ಪೆಟ್ಟಿಗೆ): ನಾಲ್ಕು ಹಾರ್ಡ್ ಡಿಸ್ಕ್, ಒಂದು ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ). ನಡುವೆ ಗೋಡೆಯೊಳಗಿನ ಪೈಪಿನಲ್ಲಿ ಸುಮಾರು 18 ಮೀಟರ್ ಕ್ಯಾಟ್6 ಲ್ಯಾನ್ ಕೇಬಲ್. 4ಕೆ ವಿಡಿಯೋ ಫೈಲ್‌ಗಳನ್ನು ನ್ಯಾಸ್‌ನಿಂದಲೇ ತೆರೆದು ಎಡಿಟ್ ಮಾಡಬೇಕು. ಈಗಿನ ಲ್ಯಾನ್ ಸೆಕೆಂಡಿಗೆ 112 ಮೆಗಾಬೈಟ್ ದಾಟುವುದಿಲ್ಲ. ಎರಡೂ ಕಡೆಯ ಕಾರ್ಡ್ ಸೇರಿ 20,000 ರೂ. ಒಳಗೆ ಆಗಬೇಕು. ಹಾಕಿಕೊಂಡವರು ಅನುಭವ ತಿಳಿಸಿ.

ತಾಮ್ರದ_ತಂತಿ, ಬೆಂಗಳೂರು

ಹೊಸದನ್ನೇ ತಗೊಳ್ಳಿ, ಆರ್‌ಜೆ45 (ಮಾಮೂಲಿ ಲ್ಯಾನ್ ಕೇಬಲ್ ಕೂರುವ ಪೋರ್ಟ್) ಇರುವುದನ್ನೇ ತಗೊಳ್ಳಿ. ನನ್ನಲ್ಲಿ ಎರಡೂ ಕಡೆ ಎಕ್ಯೂಸಿ107 ಚಿಪ್‌ನ ಕಾರ್ಡ್. ಎಸ್.ಪಿ. ರೋಡಿನಲ್ಲಿ ಒಂದು 8,900, ಹನ್ನೊಂದು ದಿನ ಬಿಟ್ಟು ಅದೇ ಅಂಗಡಿಯಲ್ಲಿ ಅದೇ ಮಾದರಿ 9,250. ಕ್ಯಾಟ್6ಎ ಪ್ಯಾಚ್ ಕಾರ್ಡ್ ಎರಡಕ್ಕೆ 780, 40 ಮಿ.ಮೀ. ಫ್ಯಾನ್ 320. ಒಟ್ಟು 19,250.

ಈ ಚಿಪ್ 10, 5, 2.5, 1 ಗಿಗಾಬಿಟ್ ನಾಲ್ಕಕ್ಕೂ ಹೊಂದಿಕೊಳ್ಳುತ್ತದೆ. ಗೋಡೆಯೊಳಗಿನ ತಂತಿ 10ಕ್ಕೆ ತಾಳದಿದ್ದರೆ 5ಕ್ಕೆ ಇಳಿಸಿ ಬಳಸಬಹುದು. ಹಳೆಯ 10 ಗಿಗಾಬಿಟ್ ಆರ್‌ಜೆ45 ಕಾರ್ಡ್‌ಗಳಲ್ಲಿ, ಉದಾಹರಣೆಗೆ ಇಂಟೆಲ್‌ನ ಎಕ್ಸ್540ರಲ್ಲಿ, ನಡುವಿನ ಮೆಟ್ಟಿಲುಗಳೇ ಇಲ್ಲ. 10 ನಿಲ್ಲದಿದ್ದರೆ ನೇರ 1ಕ್ಕೆ ಬೀಳುತ್ತದೆ. 2.5 ಮತ್ತು 5ರ ಸ್ಟ್ಯಾಂಡರ್ಡ್ ಬಂದಿದ್ದೇ 2016ರಲ್ಲಿ, ಎಕ್ಸ್540 ಅದಕ್ಕಿಂತ ಹಿಂದಿನದು. ಎಕ್ಸ್550ರಲ್ಲಿ ನಡುವಿನ ವೇಗಗಳಿವೆ, ಆದರೆ ಲಿನಕ್ಸ್‌ನಲ್ಲಿ ಅವನ್ನು ಈಥ್‌ಟೂಲ್ ಕಮಾಂಡ್‌ನಿಂದ ನಾವೇ ಆನ್ ಮಾಡಬೇಕು.

ಕಾರ್ಡ್ ಹಾಕಿದ ಮೇಲೆ ಡಿವೈಸ್ ಮ್ಯಾನೇಜರ್‌ನ ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ ಎನರ್ಜಿ ಎಫಿಶಿಯಂಟ್ ಈಥರ್ನೆಟ್ ಆಫ್ ಮಾಡಿ, ರಿಸೀವ್ ಬಫರ್ ಗರಿಷ್ಠಕ್ಕೆ ಏರಿಸಿ. ಆಫ್ ಮಾಡುವ ಮುನ್ನ ನನ್ನಲ್ಲಿ ಪ್ರತಿ ಹತ್ತು ಹದಿನೈದು ನಿಮಿಷಕ್ಕೆ ಲಿಂಕ್ ಎರಡು ಸೆಕೆಂಡ್ ಹೋಗಿ ಬರುತ್ತಿತ್ತು. ಈಗ ಐಪರ್ಫ್‌ನಲ್ಲಿ (ನೆಟ್‌ವರ್ಕ್ ವೇಗ ಅಳೆಯುವ ತಂತ್ರಾಂಶ) 9.4 ಗಿಗಾಬಿಟ್ ಅಲುಗಾಡದೆ ನಿಲ್ಲುತ್ತದೆ.

ಹಳೇಸರ್ವರ್, ಹುಬ್ಬಳ್ಳಿ

ಎರಡ ಕಾರ್ಡಿಗೆ 18,000 ಯಾಕ ಸುರೀಬೇಕ್ರಿ? ನನ್ನ ಲೆಕ್ಕ ನೋಡ್ರಿ. ಸರ್ವರಿಂದ ಬಿಚ್ಚಿದ ಎಕ್ಸ್520-ಡಿಎ1 (ಎಸ್‌ಎಫ್‌ಪಿ+ ಕಿಂಡಿಯ ಇಂಟೆಲ್ ಕಾರ್ಡ್, ಆ ಕಿಂಡಿಗೆ ಮಾಡ್ಯೂಲ್ ಇಲ್ಲಾ ಡ್ಯಾಕ್ ಕೂರತೈತಿ) ಎರಡು, ಒಂದಕ್ಕ 2,600ರಂಗ 5,200. ಬಂದಿದ್ದು ಗಿಡ್ಡ ಬ್ರಾಕೆಟ್, ಉದ್ದ ಬ್ರಾಕೆಟ್ ಬ್ಯಾರೆ ತರಿಸಿದ್ದು 250ರಂಗ 500. 3 ಮೀಟರ್ ಡ್ಯಾಕ್ ಕೇಬಲ್ (ಎರಡೂ ತುದಿಗೆ ಎಸ್‌ಎಫ್‌ಪಿ+ ಪ್ಲಗ್ ಇರೋ ತಾಮ್ರದ ಕೇಬಲ್) 1,450. ಒಟ್ಟು 7,150. ಅಷ್ಟ.

ಕಾರ್ಡಿನ ಹಲ್ಲು ಎಕ್ಸ್8, ಅಂದರ ಎಂಟು ಲೇನ್ (ಡೇಟಾ ಹರಿಯೂ ದಾರಿ) ಐತಿ ಅಂತ ಹೆದರಬ್ಯಾಡ್ರಿ. ಪಿಸಿಐಇ (ಕಾರ್ಡ್ ಕೂರೂ ಸ್ಲಾಟ್) 2.0ದಾಗ ಒಂದು ಲೇನಿಗೆ 500 ಮೆಗಾಬೈಟ್. ನಾಕ ಲೇನ್ ಸಿಕ್ಕರ 2,000, ಒಂದು 10 ಗಿಗಾಬಿಟ್ ಪೋರ್ಟಿಗೆ ಬೇಕಾಗೂದು 1,250. ಎರಡು ಪೋರ್ಟ್ ಒಮ್ಮೆಲೆ ತುಂಬಿ ಓಡಿಸಿದರ ಮಾತ್ರ ಕಮ್ಮಿ ಬೀಳತೈತಿ.

ತ್ರಾಸ ಎರಡು ಅದಾವ. ಒಂದು: ಕೆಲವು ಡೆಸ್ಕ್‌ಟಾಪ್ ಬೋರ್ಡಿನ್ಯಾಗ ಸರ್ವರ್ ಕಾರ್ಡ್ ಹಾಕಿದ ಕೂಡ್ಲೆ ಪಿಸಿ ಬೂಟ್ ಆಗೂದಿಲ್ಲ, ಸ್ಕ್ರೀನ್ ಕಪ್ಪ. ಎಸ್‌ಎಂಬಸ್ (ಬೋರ್ಡ್ ಮತ್ತ ಕಾರ್ಡಿನ ನಡುವಿನ ನಿರ್ವಹಣಾ ಸಂಪರ್ಕ) ಸಿಗ್ನಲ್ ಘರ್ಷಣೆ ಅದಕ್ಕ ಕಾರಣ. ಕಾರ್ಡಿನ ಬಿ ಕಡೆಯ 5 ಮತ್ತ 6ನೇ ಪಿನ್ ಮ್ಯಾಲೆ ಕ್ಯಾಪ್ಟಾನ್ ಟೇಪ್ (ಕರೆಂಟ್ ಹರಿಯಗೊಡದ ತೆಳು ಟೇಪ್) ಸಣ್ಣಗೆ ಕತ್ತರಿಸಿ ಅಂಟಿಸಿದರ ಬೂಟ್ ಆಗತೈತಿ. ಟೇಪ್ 4 ಅಥವಾ 7ನೇ ಪಿನ್ ಮ್ಯಾಲೆ ಹೋಗಬಾರದು. ಎರಡು: ಎಕ್ಸ್520 ಗೊತ್ತಿಲ್ಲದ ಆಪ್ಟಿಕಲ್ ಮಾಡ್ಯೂಲ್ ಒಪ್ಪೂದಿಲ್ಲ. ಲಿನಕ್ಸಿನ್ಯಾಗ ಡ್ರೈವರಿಗೆ ಒಂದು ಆಯ್ಕೆ ಕೊಟ್ಟರ ಒಪ್ಪತೈತಿ, ವಿಂಡೋಸಿನ್ಯಾಗ ಆ ಸವಲತ್ತು ಇಲ್ಲ. ಪ್ಯಾಸಿವ್ ಡ್ಯಾಕ್ ಆದರ ಈ ತಕರಾರ ಬರೂದಿಲ್ಲ.

ತಾಮ್ರದ_ತಂತಿ, ಬೆಂಗಳೂರು

ಹುಬ್ಬಳ್ಳಿಯವರೇ, ಪ್ಯಾಸಿವ್ ಡ್ಯಾಕ್ 5ರಿಂದ 7 ಮೀಟರ್‌ಗೆ ಮುಗಿಯಿತು. ಅವರು ಕೇಳಿದ್ದು 18 ಮೀಟರ್. 7,150 ಅಂತ ಬರೆದು ಜನರನ್ನು ದಾರಿ ತಪ್ಪಿಸಬೇಡಿ. ಅವರ ಕ್ಯಾಟ್6ಗೆ ನಿಮ್ಮ ಕಾರ್ಡ್ ಸೇರಿಸಬೇಕೆಂದರೆ ಎರಡೂ ತುದಿಗೆ ಆರ್‌ಜೆ45 ಎಸ್‌ಎಫ್‌ಪಿ+ ಮಾಡ್ಯೂಲ್ ಬೇಕು. ಒಂದೊಂದು ಎರಡೂವರೆ ಮೂರು ವ್ಯಾಟ್ ಕುಡಿಯುತ್ತದೆ, ಮುಟ್ಟಿದರೆ ಕೈ ಸುಡುತ್ತದೆ, ಬಹುಪಾಲು ಮಾಡ್ಯೂಲ್‌ಗಳ ಭರವಸೆ 30 ಮೀಟರ್‌ವರೆಗೆ ಮಾತ್ರ. ಆ ಎರಡಕ್ಕೆ ಕೊಡುವ ಹಣಕ್ಕೆ ಹೊಸ ಕಾರ್ಡೇ ಹತ್ತಿರ ಬರುತ್ತದೆ. ಡ್ರೈವರ್ ವಿಷಯವನ್ನೂ ನೀವು ಬಿಟ್ಟಿರಿ: ಇಷ್ಟು ಹಳೆಯ ಸರ್ವರ್ ಕಾರ್ಡ್ ಕೊಳ್ಳುವ ಮುನ್ನ ವಿಂಡೋಸ್ 11ರ ಡ್ರೈವರ್ ಪಟ್ಟಿಯಲ್ಲಿ ಅದರ ಹೆಸರು ಇದೆಯೇ ಎಂದು ನೋಡಲೇಬೇಕು.

ಬೆಳಕಿನ_ದಾರ, ಶಿರಸಿ

18 ಮೀಟರ್ ಅಂದಮೇಲೆ ಫೈಬರ್ ಬಿಟ್ಟು ಬೇರೆ ಮಾತೇ ಬೇಡ. ಎಸ್‌ಆರ್ ಮಾಡ್ಯೂಲ್ (ಕಡಿಮೆ ದೂರದ ಆಪ್ಟಿಕಲ್ ಮಾಡ್ಯೂಲ್) ಎರಡು 3,000, 20 ಮೀಟರ್ ಓಎಂ3 ಡ್ಯುಪ್ಲೆಕ್ಸ್ ಎಲ್‌ಸಿ ಕೇಬಲ್ (ಎರಡು ಎಳೆಯ ಮಲ್ಟಿಮೋಡ್ ಫೈಬರ್, ಎಲ್‌ಸಿ ಅನ್ನುವುದು ಕನೆಕ್ಟರ್) 1,350, ಒಂದು ಪೋರ್ಟಿನ ಕನೆಕ್ಟ್‌ಎಕ್ಸ್-3 ಕಾರ್ಡ್ ಎರಡು 6,400. ಒಟ್ಟು 10,750. ಎಸ್‌ಆರ್ ಮಾಡ್ಯೂಲ್ ಒಂದು ವ್ಯಾಟ್ ಒಳಗೆ. ಓಎಂ3ರಲ್ಲಿ 300 ಮೀಟರ್ ಓಡುತ್ತದೆ, ಮನೆಯೊಳಗೆ ದೂರದ ಚಿಂತೆಯೇ ಇಲ್ಲ.

ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ತಾಮ್ರದ ಲ್ಯಾನ್ ಪೋರ್ಟ್ ಸಾಯುವುದು ಎಲ್ಲರಿಗೂ ಗೊತ್ತು. ಎರಡು ಮಹಡಿ, ಎರಡು ಯುಪಿಎಸ್, ಎರಡು ಅರ್ಥಿಂಗ್, ನಡುವೆ ತಾಮ್ರ: ಕರೆಂಟ್ ಆ ದಾರಿ ಹಿಡಿಯುತ್ತದೆ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ.

ಎರಡು ಎಚ್ಚರಿಕೆ. ಪೈಪಿನಲ್ಲಿ ಎಳೆಯುವಾಗ ಎಲ್‌ಸಿ ತುದಿ ಹಿಡಿದು ಎಳೆಯಬಾರದು, ಒಳಗಿನ ಕೆವ್ಲಾರ್ ನೂಲಿಗೆ ಸ್ಪ್ರಿಂಗ್ ತಂತಿ ಕಟ್ಟಿ ಎಳೆಯಬೇಕು. ಮೊದಲ ಕೇಬಲ್ ಕನೆಕ್ಟರ್ ಬುಡದಲ್ಲೇ ಕಿತ್ತುಹೋಗಿ 1,350 ದಂಡವಾಯಿತು. ಎರಡನೆಯದು, ಇಂಟರ್ನೆಟ್ ಸಂಪರ್ಕ ಕೊಡುವವರು ಬಿಟ್ಟುಹೋದ ಹಸಿರು ತುದಿಯ ಪ್ಯಾಚ್ ಕಾರ್ಡ್ ಬಳಸಬೇಡಿ. ಅದು ಸಿಂಗಲ್ ಮೋಡ್, ತುದಿ ಓರೆಯಾಗಿ ಉಜ್ಜಿದ್ದು. ನೀಲಿ ತುದಿಗೆ ಜೋಡಿಸಿದರೆ ನಡುವೆ ಗಾಳಿ ಉಳಿದು ಬೆಳಕು ಸೋರುತ್ತದೆ, ಗಾಜಿನ ಮೈಗೂ ಗೀರು.

ಎರಡೂವರೆ_ಸಾಕು, ಶಿವಮೊಗ್ಗ

ಎಲ್ಲರೂ 10 ಅಂತ ಹೊರಟಿದ್ದೀರಿ. ಅವರ ನ್ಯಾಸ್‌ನಲ್ಲಿರುವುದು ಹಾರ್ಡ್ ಡಿಸ್ಕ್. ಆರ್‌ಟಿಎಲ್8125 ಚಿಪ್‌ನ 2.5 ಗಿಗಾಬಿಟ್ ಕಾರ್ಡ್ 1,450, ಎರಡಕ್ಕೆ 2,900. ಎಕ್ಸ್1 ಸ್ಲಾಟ್ ಸಾಕು, ಗೋಡೆಯೊಳಗೆ ಕ್ಯಾಟ್5ಇ ಇದ್ದರೂ 100 ಮೀಟರ್ ಓಡುತ್ತದೆ, ಹೀಟ್‌ಸಿಂಕ್ ಬಿಸಿ ಅನ್ನುವ ತಲೆನೋವಿಲ್ಲ. ಸೆಕೆಂಡಿಗೆ 280 ಮೆಗಾಬೈಟ್ ಬರುತ್ತದೆ.

4ಕೆ ಪ್ರೋರೆಸ್ 422 ಎಚ್‌ಕ್ಯೂ (ಎಡಿಟಿಂಗ್‌ಗೆ ಬಳಸುವ ವಿಡಿಯೋ ಫಾರ್ಮ್ಯಾಟ್), 25 ಫ್ರೇಮ್ ಆದರೆ ಸೆಕೆಂಡಿಗೆ 737 ಮೆಗಾಬಿಟ್, ಅಂದರೆ 92 ಮೆಗಾಬೈಟ್. ಒಂದು ಟೈಮ್‌ಲೈನ್‌ನಲ್ಲಿ ಎರಡು ಕ್ಲಿಪ್ ಒಟ್ಟಿಗೆ ಓಡಿದರೂ 184. ಉಳಿದ ಹಣಕ್ಕೆ ಇನ್ನೊಂದು ಡಿಸ್ಕ್ ಹಾಕಿ.

ತಾಮ್ರದ_ತಂತಿ, ಬೆಂಗಳೂರು

ನಿಮ್ಮ ಲೆಕ್ಕವನ್ನೇ ಮುಂದುವರಿಸಿ. ಮೂರು ಕ್ಯಾಮೆರಾ ಒಟ್ಟಿಗೆ ಓಡಿಸಿದರೆ 276. 2.5ರ ಅಂಚು ಬಂತು. ಆಗ ಒಂದು ಫೈಲ್ ಕಾಪಿ ಶುರುವಾದರೆ ಪ್ಲೇಬ್ಯಾಕ್ ನಿಲ್ಲುತ್ತದೆ. ನ್ಯಾಸ್‌ನಲ್ಲಿ ಎನ್‌ವಿಎಂಇ ಇದೆ ಎಂದು ಅವರು ಮೊದಲ ಸಾಲುಗಳಲ್ಲೇ ಬರೆದಿದ್ದಾರೆ, ಅದನ್ನು ನೀವು ಓದಿಯೇ ಇಲ್ಲ. ನಡೆಯುತ್ತಿರುವ ಪ್ರಾಜೆಕ್ಟ್ ಎನ್‌ವಿಎಂಇಯಲ್ಲಿ ಇಟ್ಟರೆ 10 ಗಿಗಾಬಿಟ್ ಕೂಡ ತುಂಬಿ ಹರಿಯುತ್ತದೆ.

ಎರಡೂವರೆ_ಸಾಕು, ಶಿವಮೊಗ್ಗ

ಓದಿದ್ದೇನೆ ಸರ್. ಮೂರು ಕ್ಯಾಮೆರಾ ಇದೆ ಅಂತ ಅವರು ಎಲ್ಲಿ ಬರೆದಿದ್ದಾರೆ? ಇಲ್ಲದ ಅಗತ್ಯ ಹುಟ್ಟಿಸಿ 19,000 ಖರ್ಚು ಮಾಡಿಸುವುದು ತಪ್ಪು. ಪ್ರಾಕ್ಸಿ ಫೈಲ್ (ಎಡಿಟ್‌ಗಷ್ಟೇ ಬಳಸುವ ಚಿಕ್ಕ ಗಾತ್ರದ ನಕಲು) ಮಾಡಿಕೊಂಡು ಎಡಿಟ್ ಮಾಡುವವರಿಗೆ 1 ಗಿಗಾಬಿಟ್ಟೇ ನಡೆಯುತ್ತದೆ.

ಪೈಪ್‌ಲೈನ್, ಮಂಗಳೂರು

ಮಾರಾಯ್ರೇ, ಕಾರ್ಡಿನ ಜಗಳ ಆಮೇಲೆ ಮಾಡಿ. ಗೋಡೆಯೊಳಗೆ ಇರುವುದು ನಿಜವಾದ ತಾಮ್ರವಾ ಅಂತ ಯಾರೂ ಕೇಳಲಿಲ್ಲ. ಕ್ಯಾಟ್6 ಅಂತ ಪ್ರಿಂಟ್ ಆದ ಸಿಸಿಎ ತಂತಿ, ಅಂದರೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಬ್ಲೇಡಿನಿಂದ ಒಂದು ಎಳೆ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. 305 ಮೀಟರಿನ ಡಬ್ಬ ಎತ್ತಿದಾಗ ಹಗುರ ಅನ್ನಿಸಿದರೂ ಅದೇ. ರೆಸಿಸ್ಟೆನ್ಸ್ ಜಾಸ್ತಿ, ಬಗ್ಗಿಸಿದರೆ ತುಂಡಾಗುತ್ತದೆ, 1 ಗಿಗಾಬಿಟ್ ಓಡಿದ ಮಾತ್ರಕ್ಕೆ 10 ಓಡುತ್ತದೆ ಅಂತ ಇಲ್ಲ.

ತಾಮ್ರವೇ ಆದರೆ 18 ಮೀಟರಿಗೆ ಕ್ಯಾಟ್6 ಧಾರಾಳ. 55 ಮೀಟರಿನ ತನಕ ನಡೆಯುತ್ತದೆ, ಹತ್ತಾರು ಕೇಬಲ್ ಒಟ್ಟಿಗೆ ಕಟ್ಟಿದ ಕಡೆ 37. ಪೂರಾ 100 ಮೀಟರ್ ಬೇಕಾದರೆ ಮಾತ್ರ ಕ್ಯಾಟ್6ಎ. ಅದನ್ನು ಹೊಸತಾಗಿ ಎಳೆಯುತ್ತೇನೆ ಅಂದರೆ ಪೈಪ್ ನೋಡಿ: 6ಎ ದಪ್ಪ 7ರಿಂದ 8 ಮಿ.ಮೀ., 20 ಮಿ.ಮೀ. ಪೈಪಿನಲ್ಲಿ ಎರಡು ತಿರುವು ಇದ್ದರೆ ಒಂದೇ ಹೋಗುವುದು. ಕೀಸ್ಟೋನ್ (ಗೋಡೆಯ ಲ್ಯಾನ್ ಸಾಕೆಟ್) ಕೂರಿಸುವಾಗ ಜೋಡಿಯ ಹೆಣಿಗೆ 13 ಮಿ.ಮೀ.ಗಿಂತ ಹೆಚ್ಚು ಬಿಚ್ಚಬಾರದು. 10 ಗಿಗಾಬಿಟ್ ಲಿಂಕ್ ಬಂದು ಬಂದು ಹೋಗುವುದು ಹೆಚ್ಚಿನ ಕಡೆ ಈ ತುದಿಯ ಕೆಲಸದಿಂದ. ಗೋಡೆಯ ಸಾಲಿಡ್ ತಂತಿಗೆ ನೇರ ಪ್ಲಗ್ ಕ್ರಿಂಪ್ ಮಾಡಬೇಡಿ, ಕೀಸ್ಟೋನ್ ಹಾಕಿ ಪ್ಯಾಚ್ ಕಾರ್ಡ್ ಬಳಸಿ. ಅದೇ ಪೈಪಿನಲ್ಲಿ ಕರೆಂಟ್ ವೈರ್ ಇದ್ದರೆ ಫೈಬರ್ ಹೇಳಿದವರ ಮಾತು ಸರಿ.

ಬಿಸಿಲುನಾಡು, ಕಲಬುರಗಿ

ಶಾಖದ ಬಗ್ಗೆ ಯಾರೂ ಅಂಕಿ ಕೊಡಲಿಲ್ಲ. ಮೇ ತಿಂಗಳಲ್ಲಿ ಕೋಣೆ 39 ಡಿಗ್ರಿ ಇದ್ದಾಗ, ನನ್ನ 10 ಗಿಗಾಬಿಟ್ ಆರ್‌ಜೆ45 ಕಾರ್ಡ್‌ನ ಚಿಪ್ ಫ್ಯಾನ್ ಇಲ್ಲದೆ ಅರ್ಧ ಗಂಟೆಯ ಕಾಪಿಯಲ್ಲಿ 94 ಡಿಗ್ರಿ. ಗ್ರಾಫಿಕ್ಸ್ ಕಾರ್ಡಿನ ಕೆಳಗೇ ಕೂತಿದ್ದರಿಂದ ಅದರ ಬಿಸಿಗಾಳಿಯೂ ಇದರ ಮೇಲೆ. 80 ಮಿ.ಮೀ. ಫ್ಯಾನ್ 900 ಆರ್‌ಪಿಎಂನಲ್ಲಿ ಅಡ್ಡಲಾಗಿ ಇಟ್ಟ ಮೇಲೆ 66. ಫ್ಯಾನ್ 280, ಪ್ಲಾಸ್ಟಿಕ್ ಟೈ 20.

ಹಳೆಯ ಸರ್ವರ್ ಕಾರ್ಡ್‌ಗಳ ಹೀಟ್‌ಸಿಂಕ್ ಮಾಡಿರುವುದೇ ಸರ್ವರ್‌ನ ಜೋರು ಗಾಳಿಗೆ. ಡೆಸ್ಕ್‌ಟಾಪ್ ಕ್ಯಾಬಿನೆಟ್‌ನಲ್ಲಿ ಆ ಗಾಳಿ ಇರುವುದಿಲ್ಲ. ಎರಡು ಪೋರ್ಟಿನ ಎಕ್ಸ್540 ಹತ್ತು ವ್ಯಾಟ್‌ಗೂ ಹೆಚ್ಚು ಕುಡಿಯುತ್ತದೆ. ನ್ಯಾಸ್ 24 ಗಂಟೆ ಆನ್ ಇದ್ದರೆ 10 ವ್ಯಾಟ್ ಅಂದರೆ ವರ್ಷಕ್ಕೆ 87.6 ಯೂನಿಟ್, 7 ರೂ. ದರದಲ್ಲಿ 613 ರೂಪಾಯಿ. ಅಗ್ಗದ ಕಾರ್ಡ್ ಅನ್ನುವವರು ಐದು ವರ್ಷಕ್ಕೆ ಇದನ್ನೂ ಕೂಡಿಸಿ.

ಹಳೇಸರ್ವರ್, ಹುಬ್ಬಳ್ಳಿ

ಕಲಬುರಗಿ ಸರ್, ನೀವು ಹೇಳಿದ್ದು ಆರ್‌ಜೆ45 ಕಾರ್ಡಿನ ಲೆಕ್ಕ. ನಾ ಹೇಳಿದ್ದು ಡ್ಯಾಕ್. ಡ್ಯಾಕಿಗೆ ಕರೆಂಟ ಹತ್ತೂದಿಲ್ಲ ಅಂದರೂ ನಡೀತೈತಿ. ಎರಡನ್ನೂ ಒಂದ ತಕ್ಕಡಿಗೆ ಹಾಕಿ ಹಳೇ ಕಾರ್ಡೆಲ್ಲ ಖರಾಬ್ ಅನಬ್ಯಾಡ್ರಿ. ಇಪ್ಪತ್ತೇಳು ತಿಂಗಳಾತು, ನನ್ನ ಎರಡೂ ಕಾರ್ಡ್ ಒಂದ ಸಲಾನೂ ಲಿಂಕ್ ಬಿಟ್ಟಿಲ್ಲ.

ಮೈಸೂರು_ಎಡಿಟ್

ಎಲ್ಲರಿಗೂ ಧನ್ಯವಾದ. ತಂತಿ ಕೆರೆದು ನೋಡಿದೆ, ಒಳಗೂ ಕೆಂಪಗೇ ಇದೆ. ಎಕ್ಸ್1 ಸ್ಲಾಟ್‌ಗೇ ಹಾಕುವ ಹೊಸ 10 ಗಿಗಾಬಿಟ್ ಕಾರ್ಡ್ ಬಂದಿವೆಯಂತೆ, ಅದು ಆಗುತ್ತದೆಯೇ?

ಬಿಸಿಲುನಾಡು, ಕಲಬುರಗಿ

ಆರ್‌ಟಿಎಲ್8127 ಮತ್ತು ಎಕ್ಯೂಸಿ113 ಚಿಪ್‌ನ ಆ ಹೊಸ ಕಾರ್ಡ್‌ಗಳು ಎಕ್ಸ್1ನಲ್ಲಿ ಪೂರಾ ಓಡಬೇಕಾದರೆ ಆ ಸ್ಲಾಟ್ ಪಿಸಿಐಇ 4.0 ಆಗಿರಬೇಕು. ಬಿ550 ಚಿಪ್‌ಸೆಟ್‌ನಿಂದ ಬರುವ ಸ್ಲಾಟ್‌ಗಳು 3.0. ಒಂದು ಲೇನಿಗೆ 985 ಮೆಗಾಬೈಟ್, ಪ್ಯಾಕೆಟ್ ಖರ್ಚು ಕಳೆದು ಏಳು ಗಿಗಾಬಿಟ್ ಆಸುಪಾಸು. ಅಷ್ಟು ಸಾಕೆನಿಸಿದರೆ ಹಾಕಿ, ಆರ್‌ಟಿಎಲ್8127 ಎರಡು ವ್ಯಾಟ್ ಸುತ್ತಮುತ್ತ ಮುಗಿಯುತ್ತದೆ. ಪೂರಾ 10 ಬೇಕಾದರೆ ಕೆಳಗಿನ ಉದ್ದ ಸ್ಲಾಟ್, ಅದರಲ್ಲಿ ನಾಲ್ಕು ಲೇನ್. ಆದರೆ ಮ್ಯಾನುವಲ್ ತೆಗೆದು ನೋಡಿ: ಕೆಲವು ಬೋರ್ಡ್‌ಗಳಲ್ಲಿ ಎರಡನೇ ಎಂ.2 ತುಂಬಿದ್ದರೆ ಆ ಸ್ಲಾಟ್ ಬಂದ್. ನಿಮ್ಮದು ಎರಡೂ ತುಂಬಿದೆ.

ನ್ಯಾಸ್ ಕಡೆ ಲಿನಕ್ಸ್ ಕರ್ನಲ್ ಹಳೆಯದಾಗಿದ್ದರೆ ಎಕ್ಯೂಸಿ107ಕ್ಕೆ ತೊಂದರೆ ಇಲ್ಲ, 4.11ರಿಂದಲೂ ಅದರ ಡ್ರೈವರ್ ಒಳಗೇ ಇದೆ. ಆರ್‌ಟಿಎಲ್8127ಕ್ಕೆ ಹೊಸ ಕರ್ನಲ್ ಬೇಕು. ಸ್ವಿಚ್ ಇಲ್ಲದೆ ನೇರ ಜೋಡಿಸುವುದಾದರೆ ಎರಡೂ ಕಡೆ ಬೇರೆಯದೇ ಸಾಲಿನ ಐಪಿ ಕೊಡಿ, 10.10.10.1 ಮತ್ತು 10.10.10.2, ಗೇಟ್‌ವೇ ಜಾಗ ಖಾಲಿ ಬಿಡಿ. ಹಂಚಿಕೆ ಫೋಲ್ಡರನ್ನು ಆ ಐಪಿಯಿಂದಲೇ ತೆರೆಯಿರಿ. ಹೆಸರಿನಿಂದ ತೆರೆದರೆ ಹಳೇ 1 ಗಿಗಾಬಿಟ್ ದಾರಿಯಲ್ಲೇ ಹೋಗಬಹುದು.

ತಾಮ್ರದ_ತಂತಿ, ಬೆಂಗಳೂರು

ಜಂಬೋ ಫ್ರೇಮ್ (ಒಂದು ಪ್ಯಾಕೆಟ್‌ನ ಗಾತ್ರ ಹಿಗ್ಗಿಸುವುದು) 9000 ಬೈಟ್ ಮಾಡುವುದನ್ನು ಮರೆಯಬೇಡಿ, 9.4 ಇದ್ದದ್ದು 9.9 ಆಗುತ್ತದೆ.

ಬೆಳಕಿನ_ದಾರ, ಶಿರಸಿ

ದಯವಿಟ್ಟು ಈ ಸಲಹೆ ಬೇಡ. ಅರ್ಧ ಗಿಗಾಬಿಟ್‌ಗೋಸ್ಕರ ಒಂದು ಕಡೆ 9000, ಇನ್ನೊಂದು ಕಡೆ 1500 ಉಳಿದುಹೋದರೆ ಫೋಲ್ಡರ್ ಪಟ್ಟಿ ಕಾಣುತ್ತದೆ, ಫೈಲ್ ಕಾಪಿ ಮಾತ್ರ ಅರ್ಧದಲ್ಲಿ ನಿಲ್ಲುತ್ತದೆ. ಕಾರಣ ಹುಡುಕಲು ಎರಡು ದಿನ ಹೋಗುತ್ತದೆ. ವಿಂಡೋಸ್‌ನ ಕೆಲವು ಡ್ರೈವರ್‌ಗಳಲ್ಲಿ 9014 ಅಂತ ತೋರಿಸುವುದು ಈಥರ್ನೆಟ್ ಹೆಡರಿನ 14 ಬೈಟ್ ಸೇರಿಸಿ, ಲಿನಕ್ಸ್‌ನಲ್ಲಿ 9000 ಅಂದರೆ ಅದೇ. ಅದು ಗೊತ್ತಿಲ್ಲದೆ ಎರಡೂ ಕಡೆ 9014 ಬರೆದವರನ್ನು ನೋಡಿದ್ದೇನೆ.

ತಾಮ್ರದ_ತಂತಿ, ಬೆಂಗಳೂರು

ಪರೀಕ್ಷೆ ಮಾಡದೆ ಬಿಡುವವರ ತಪ್ಪಿಗೆ ಸಲಹೆಯನ್ನೇ ಬೈಯಬೇಡಿ. 8972 ಬೈಟ್‌ನ ಪಿಂಗ್, ತುಂಡು ಮಾಡಬಾರದು ಎಂಬ ಆಯ್ಕೆಯೊಂದಿಗೆ, ಎರಡೂ ದಿಕ್ಕಿನಿಂದ ಕಳಿಸಿ. ಉತ್ತರ ಬಂದರೆ ಸರಿ ಇದೆ. ಹತ್ತು ಸೆಕೆಂಡಿನ ಕೆಲಸ.

ಎರಡೂವರೆ_ಸಾಕು, ಶಿವಮೊಗ್ಗ

ನಿಮ್ಮ 9.4 ಒಂದೇ ಸ್ಟ್ರೀಮಿನದೋ (ಒಂದೇ ಸಂಪರ್ಕದ್ದು), ನಾಲ್ಕರದೋ? ಐಪರ್ಫ್3 ಯಾವ ಆವೃತ್ತಿ? 3.16ಕ್ಕಿಂತ ಹಳೆಯದರಲ್ಲಿ ಎಷ್ಟು ಸ್ಟ್ರೀಮ್ ಕೊಟ್ಟರೂ ಒಂದೇ ಸಿಪಿಯು ಕೋರ್ ಎಲ್ಲವನ್ನೂ ಹೊರುತ್ತದೆ. ನಿಜವಾದ ಫೈಲ್ ಕಾಪಿಯ ಅಂಕಿ ಕೊಡಿ: 50 ಗಿಗಾಬೈಟ್‌ನ ಒಂದೇ ಫೈಲ್, ನ್ಯಾಸ್ ಆಗಷ್ಟೇ ರೀಬೂಟ್ ಆಗಿರಬೇಕು, ರ್‍ಯಾಮ್ ಕ್ಯಾಶ್‌ನಿಂದ ಬಂದ ವೇಗ ಲೆಕ್ಕಕ್ಕಿಲ್ಲ.

ತಾಮ್ರದ_ತಂತಿ, ಬೆಂಗಳೂರು

3.17, ಒಂದೇ ಸ್ಟ್ರೀಮ್. ರೀಬೂಟ್ ಮಾಡಿ ಎನ್‌ವಿಎಂಇಯಿಂದ ಕಾಪಿ: ಮೊದಲಿಂದ ಕೊನೆಯವರೆಗೆ ಸೆಕೆಂಡಿಗೆ 1.05 ಗಿಗಾಬೈಟ್. ಹಾರ್ಡ್ ಡಿಸ್ಕ್ ಪೂಲ್‌ನಿಂದ 430 ಮೆಗಾಬೈಟ್.

ಎರಡೂವರೆ_ಸಾಕು, ಶಿವಮೊಗ್ಗ

430. ಅಂದರೆ ಹಾರ್ಡ್ ಡಿಸ್ಕ್‌ಗೆ 5 ಗಿಗಾಬಿಟ್ ಕಾರ್ಡೇ ಸಾಕಿತ್ತು. ನಾನು ಮೊದಲಿನಿಂದ ಹೇಳುತ್ತಿರುವುದು ಇದನ್ನೇ.

ಪೈಪ್‌ಲೈನ್, ಮಂಗಳೂರು

ಮೈಸೂರಿನವರೇ, ಕೆರೆದು ನೋಡಿದ್ದು ಯಾವ ತುದಿಯಲ್ಲಿ? ಮಹಡಿಯ ತುದಿಯನ್ನೂ ನೋಡಿ. ಪೈಪಿನ ನಡುವೆ ಜಂಕ್ಷನ್ ಬಾಕ್ಸಿನಲ್ಲಿ ಬೇರೆ ತಂತಿ ಸೇರಿಸಿ ಜಾಯಿಂಟ್ ಮಾಡಿರುವ ಮನೆಗಳೂ ಉಂಟು.