ಅಪ್ಪ ಕುರ್ಚಿಯಿಂದ ಏಳುತ್ತಿಲ್ಲ: ಓದುಗರ ಸ್ಪಂದನ

ನ್ಯುಮೋನಿಯಾದಿಂದ ಎರಡು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಮರಳಿದ 76ರ ತಂದೆಗೆ ಕುರ್ಚಿಯಿಂದ ಏಳಲು ಆಗುತ್ತಿಲ್ಲ. ‘ವಿಶ್ರಾಂತಿ ಕೊಡಲೇ, ವ್ಯಾಯಾಮ ಮಾಡಿಸಲೇ?’ ಎಂದು ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಕೇಳಿದ್ದರು. ಮೊದಲ ಪತ್ರ ಉದ್ದವಾಯಿತು. ಕತ್ತರಿಸಲು ಮನಸ್ಸಾಗಲಿಲ್ಲ.

ನಿಮ್ಮ ಪತ್ರ ಓದಿ ನನಗೆ ಅಮ್ಮನ ಕಾಲುಚೀಲ ನೆನಪಾಯಿತು. ಜ್ವರವೆಂದು ಹತ್ತು ದಿನ ಮಲಗಿದ್ದವಳು ಎದ್ದ ಮೇಲೂ ನಾನು ಅವಳನ್ನು ಅಲುಗಾಡಲು ಬಿಡಲಿಲ್ಲ. ನೀರು ಕೈಗೆ, ಚಪ್ಪಲಿ ಕಾಲಿಗೆ. ‘ನೀನು ಕೂತಿರು ಅಮ್ಮ, ನಾನಿದ್ದೇನಲ್ಲ.’ ಬಂದವರೆಲ್ಲ ಹೊಗಳಿದರು. ನನಗೂ ಹಿತವಾಗಿತ್ತು, ಸುಳ್ಳೇಕೆ ಹೇಳಲಿ. ಕೆಲವು ತಿಂಗಳಲ್ಲಿ ಮೀನಖಂಡಕ್ಕೆ ಬಿಗಿಯಾಗಿ ಕೂರುತ್ತಿದ್ದ ಕಾಲುಚೀಲ ಹಿಮ್ಮಡಿಗೆ ಜಾರತೊಡಗಿತು. ಎಲಾಸ್ಟಿಕ್ ಸಡಿಲವಾಗಿದೆಯೆಂದು ಹೊಸ ಜೊತೆ ತಂದೆ. ಅದೂ ಜಾರಿತು. ತೂಕ ಮಾತ್ರ ಮೊದಲಿನಷ್ಟೇ ಇತ್ತು. ಸ್ನಾಯು ಕರಗಿದ ಜಾಗದಲ್ಲಿ ಕೊಬ್ಬು ಸೇರಿದೆ, ತೂಕ ನೋಡಿ ಮೋಸಹೋಗಬೇಡಿ ಎಂದು ವೈದ್ಯರು ಹೇಳುವ ಹೊತ್ತಿಗೆ ತಡವಾಗಿತ್ತು. ‘ನನಗೂ ಏನಾದರೂ ಕೆಲಸ ಕೊಡೆ’ ಎಂದು ಅವಳು ಕೇಳಿದ್ದಳು. ಹಟವೆಂದುಕೊಂಡಿದ್ದೆ. ಒಂದು ರಾತ್ರಿ ನನ್ನನ್ನು ಎಬ್ಬಿಸಬಾರದೆಂದು ಒಬ್ಬಳೇ ಬಚ್ಚಲಿಗೆ ಹೊರಟು ಬಿದ್ದಳು. ಸೊಂಟದ ಮೂಳೆ ಮುರಿಯಿತು. ಮತ್ತೆ ನಿಲ್ಲಲಿಲ್ಲ.

ಮುಂದಿನದು ಇಷ್ಟೇ ಇತ್ತು:

ಕೊಡಲೇ, ಮಾಡಿಸಲೇ ಎಂದು ನಮ್ಮನ್ನು ಕೇಳಿದ್ದೀರಿ. ಅಪ್ಪನನ್ನು ಕೇಳಿದಿರಾ?

ಭಿನ್ನ ಮಾತಿಗೂ ಜಾಗ ಇರಬೇಕು:

ಜೀವನವಿಡೀ ದುಡಿದ ಜೀವ. ಈಗಲಾದರೂ ಸುಮ್ಮನೆ ಕೂರಲು ಬಿಡಿ. ವಯಸ್ಸಾದವರನ್ನು ಜಿಮ್ಮಿಗೆ ಅಟ್ಟುವುದು ಈಗಿನವರ ಖಯಾಲಿ.

ಫಿಸಿಯೋಥೆರಪಿಸ್ಟ್ ಒಬ್ಬರ ಪತ್ರವನ್ನು ಇದರ ಪಕ್ಕದಲ್ಲಿಟ್ಟು ಓದಬಹುದು:

ವಯಸ್ಸಾದಂತೆ ಸ್ನಾಯು ಕರಗುವುದಕ್ಕೆ ಸಾರ್ಕೊಪೀನಿಯಾ ಎಂಬ ಹೆಸರು ಕೊಟ್ಟವರು ಅಮೆರಿಕದ ಪೋಷಣಾ ತಜ್ಞ ಇರ್ವಿನ್ ರೋಸೆನ್‌ಬರ್ಗ್, 1989ರಲ್ಲಿ. ಮರುವರ್ಷವೇ ಮರಿಯಾ ಫಿಯಾಟರೋನ್ ಅವರ ತಂಡ ವೃದ್ಧಾಶ್ರಮದಲ್ಲಿದ್ದ ತೊಂಬತ್ತರ ಆಸುಪಾಸಿನವರಿಂದ ಎಂಟು ವಾರ ಕಾಲಿನಲ್ಲಿ ಭಾರ ಎತ್ತಿಸಿತು. ಪೂರ್ತಿಗೊಳಿಸಿದವರ ಕಾಲಿನ ಬಲ ಸರಾಸರಿ ದುಪ್ಪಟ್ಟನ್ನೂ ಮೀರಿತು. ನಿಮ್ಮ ತಂದೆಯವರಿಗೆ 76 ಮಾತ್ರ. ಎದೆಯ ಮೇಲೆ ಕೈಕಟ್ಟಿ ಐದು ಸಲ ಕುರ್ಚಿಯಿಂದ ಎದ್ದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಸಂಶಯಪಡಬೇಕೆಂದು ಏಷ್ಯಾದ ತಜ್ಞರ 2019ರ ಸೂತ್ರ. ಅವರಿಗೆ ಈಗಲೇ ಆ ಪರೀಕ್ಷೆ ಬೇಡ. ವೈದ್ಯರ ಒಪ್ಪಿಗೆ ಪಡೆದು ಕುರ್ಚಿಯ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರ ಹೆಚ್ಚಿಸಿ. ಕೈಯೂರಿಯೇ ಏಳಲಿ. ಸಲೀಸಾದಂತೆ ದಿಂಬು ತೆಳುವಾಗಲಿ. ಬರೀ ವಾಕಿಂಗ್ ಸಾಲದು, ಸ್ನಾಯುವಿಗೆ ಭಾರ ಬೀಳಬೇಕು. ವಯಸ್ಸಾದವರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಮೂತ್ರಪಿಂಡದ ತೊಂದರೆಯಿದ್ದರೆ ಈ ಲೆಕ್ಕ ಬೇರೆ, ವೈದ್ಯರನ್ನೇ ಕೇಳಿ.

ಪ್ರಶ್ನೆಯಿಂದ ತುಸು ಆಚೆ ಹೋದರೂ ಬಿಡಲಾಗದ ಪತ್ರ:

ಹಲ್ಲು ನೋಡಿಸಿದಿರಾ? ನಮ್ಮ ಚಿಕ್ಕಪ್ಪ ಸೊರಗಿದ್ದಕ್ಕೆ ಏನೇನೋ ಪರೀಕ್ಷೆ ಮಾಡಿಸಿದೆವು. ಕಟ್ಟಿಸಿದ ಹಲ್ಲು ಸಡಿಲವಾಗಿ ಅಗಿಯಲು ನೋವಾಗುತ್ತಿತ್ತಂತೆ. ಯಾರಿಗೂ ಹೇಳದೆ ಅರ್ಧ ಊಟ ಬಿಡುತ್ತಿದ್ದರು.

ಕೊನೆಯದು 83ರ ಓದುಗರೊಬ್ಬರದು. ಅಕ್ಷರಗಳು ನಡುಗಿವೆ, ಆದರೂ ಸ್ವಂತ ಕೈಬರಹ:

ಮಗಳು ನನ್ನ ಕಂಕುಳಿಗೆ ಕೈಹಾಕಿ ಎಬ್ಬಿಸುತ್ತಿದ್ದಳು. ನಾನು ಮೂಟೆಯೇ ಎಂದು ರೇಗಿದೆ. ಈಗ ಎದುರಿಗೆ ನಿಂತು ಕಾಯುತ್ತಾಳೆ. ನಿನ್ನೆ ಮೂರು ಸಲ ಕೂತಲ್ಲಿಗೇ ಕುಸಿದು ನಾಲ್ಕನೆಯ ಸಲಕ್ಕೆ ಎದ್ದೆ. ಅವಳಿಗೆ ಕಚೇರಿಗೆ ಹೊತ್ತಾಗಿತ್ತು. ಗಡಿಯಾರದ ಕಡೆಗೆ ಕಣ್ಣು ಹೋಗುತ್ತಿತ್ತು. ಕೈ ಮಾತ್ರ ಬೆನ್ನ ಹಿಂದೆಯೇ ಕಟ್ಟಿಕೊಂಡಿದ್ದಳು.