ಸಂಘರ್ಷ ಪರಿಹಾರದಲ್ಲಿ ಎಂ.ಎ.: ಓದುಗರ ಸ್ಪಂದನ

ಪದವಿ ಮುಗಿಸಿ ಎರಡು ವರ್ಷ ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ದುಡಿದಿರುವ ಯುವತಿಯೊಬ್ಬರು, ‘ಅಂತರರಾಷ್ಟ್ರೀಯ ಸಂಬಂಧ ಮತ್ತು ಸಂಘರ್ಷ ಪರಿಹಾರದಲ್ಲಿ ಎಂ.ಎ. ಮಾಡುವಾಸೆ. ಕೋರ್ಸ್ ಹೇಗೆ ಆರಿಸಲಿ, ಖರ್ಚಿಗೇನು ದಾರಿ, ಮುಂದೆ ಕೆಲಸ ಸಿಕ್ಕೀತೇ?’ ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಮೂರು ಇಲ್ಲಿವೆ.

ಸಹೋದರಿ, ಕೋರ್ಸಿನ ಹೆಸರಿಗೆ ಮರುಳಾಗಬೇಡಿ, ಪಠ್ಯಕ್ರಮ ತೆರೆದು ನೋಡಿ. ವಿದೇಶಾಂಗ ನೀತಿ, ಭದ್ರತೆ, ಸಿದ್ಧಾಂತಗಳೇ ತುಂಬಿದ್ದರೆ ಅದು ರಾಜ್ಯಶಾಸ್ತ್ರದ್ದೇ ಒಂದು ಕವಲು. ಸಂಧಾನ, ಮಧ್ಯಸ್ಥಿಕೆ, ಅಣಕು ಮಾತುಕತೆಗಳಿಗೂ ಅಂಕಗಳಿದ್ದರೆ ಕೈಗೆ ಕಸುಬು ಹತ್ತುತ್ತದೆ. ಸಂಶೋಧನಾ ವಿಧಾನದ ಪತ್ರಿಕೆಯನ್ನು ‘ಲೆಕ್ಕ ನನಗಾಗದು’ ಎಂದು ತಳ್ಳಬೇಡಿ. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಸಂಘರ್ಷ ದತ್ತಾಂಶ ಈ ಕ್ಷೇತ್ರದಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಅದರ ಪ್ರಕಾರ ಕಾಳಗದಲ್ಲಿ ವರ್ಷಕ್ಕೆ ಕನಿಷ್ಠ 25 ಸಾವಾದರೆ ಸಶಸ್ತ್ರ ಸಂಘರ್ಷ, 1,000 ಮುಟ್ಟಿದರೆ ಯುದ್ಧ. 20 ಜನ ಸತ್ತ ವರ್ಷ ಆ ಪಟ್ಟಿಗೇ ಬರುವುದಿಲ್ಲ. ಪಟ್ಟಿಯಲ್ಲಿಲ್ಲ ಎಂದು ಅದನ್ನು ಶಾಂತಿಯ ವರ್ಷವೆಂದು ಹಿಡಿದಿರೋ, ನಿಮ್ಮ ಎಂ.ಎ. ಪ್ರಬಂಧದ ತೀರ್ಮಾನವೇ ತಲೆಕೆಳಗು.

ಪ್ರಬಂಧಕ್ಕೆ ಇನ್ನೂ ಒಂದು ತೊಡಕಿದೆ. ಸಂಘರ್ಷದಲ್ಲಿ ನೊಂದವರನ್ನು ಸಂದರ್ಶಿಸಲು ವಿಶ್ವವಿದ್ಯಾಲಯದ ನೈತಿಕತಾ ಸಮಿತಿಯ ಒಪ್ಪಿಗೆ ಬೇಕು. ಅದಕ್ಕೆ ವಾರಗಟ್ಟಲೆ ಹಿಡಿಯಬಹುದು. ಅಪಾಯದ ಪ್ರದೇಶವಾದರೆ ಹೋಗಲು ಬಿಡದಿರುವುದೂ ಉಂಟು. ಬ್ರಿಟನ್ನಿನ ಒಂದು ವರ್ಷದ ಎಂ.ಎ.ಯ 180 ಕ್ರೆಡಿಟ್‌ಗಳಲ್ಲಿ ಸಾಮಾನ್ಯವಾಗಿ 60 ಪ್ರಬಂಧದ್ದೇ, ಬರೆಯಲು ಸಿಗುವುದು ಬೇಸಿಗೆಯ ಕೆಲವೇ ತಿಂಗಳು. ಶಾಂತಿ ಒಪ್ಪಂದಗಳ ಪಠ್ಯ, ಭದ್ರತಾ ಮಂಡಳಿಯ ನಿರ್ಣಯಗಳಂಥ ದಾಖಲೆಗಳಿಂದಲೇ ಬರೆಯಬಹುದಾದ ವಿಷಯವೊಂದನ್ನು ಮೊದಲೇ ಯೋಚಿಸಿಟ್ಟುಕೊಳ್ಳಿ.
– ರಾಜ್ಯಶಾಸ್ತ್ರದ ಅಧ್ಯಾಪಕಿ

ಖರ್ಚಿನ ಬಗ್ಗೆ ಕೇಳಿದ್ದೀರಿ. ಬ್ರಿಟನ್ನಿನ ಚೆವನಿಂಗ್ ವಿದ್ಯಾರ್ಥಿವೇತನ ಕೇಳುವುದು 2,800 ಗಂಟೆಗಳ ಕೆಲಸದ ಅನುಭವ. ನಿಮ್ಮ ಎರಡು ವರ್ಷ ಪೂರ್ಣಾವಧಿಯದ್ದಾದರೆ ಲೆಕ್ಕ ಕೂಡುತ್ತದೆ. ಓದಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕೆಂಬ ಷರತ್ತೂ ಇದೆ, ಅಲ್ಲೇ ನೆಲೆಸುವ ಯೋಚನೆಯಿದ್ದರೆ ಇದು ಹೊಂದದು. ರೋಟರಿ ಶಾಂತಿ ಫೆಲೋಶಿಪ್‌ಗೆ ಮೂರು ವರ್ಷದ ಅನುಭವ ಬೇಕು, ಅವಸರ ಮಾಡದೆ ಇನ್ನೊಂದು ವರ್ಷ ದುಡಿದು ಅರ್ಜಿ ಹಾಕಿ.

ಎಸ್‌ಒಪಿಯಲ್ಲಿ (ಅರ್ಜಿಯ ಜೊತೆ ಕೊಡುವ ಉದ್ದೇಶ ಪತ್ರದಲ್ಲಿ) ‘ಜಗತ್ತಿಗೆ ಶಾಂತಿ ತರುವ ಕನಸು’ ಬೇಡವೇ ಬೇಡ. ಅಂಥ ವಾಕ್ಯ ಆಯ್ಕೆದಾರರಿಗೆ ದಿನವೂ ಸಿಗುತ್ತದೆ. ಒಂದೇ ಸಂಘರ್ಷ ಹಿಡಿದು ಒಂದೇ ಪ್ರಶ್ನೆ ಕೇಳಿ. ಗ್ರೀಕ್ ಮತ್ತು ತುರ್ಕಿ ಸಮುದಾಯಗಳು ಕಾದಾಡಿದ ಸೈಪ್ರಸ್ ದ್ವೀಪದಲ್ಲಿ 1964ರಿಂದ ವಿಶ್ವಸಂಸ್ಥೆಯ ಶಾಂತಿಪಾಲಕರಿದ್ದಾರೆ. ಕದನವಿರಾಮ ಉಳಿದುಕೊಂಡರೂ ರಾಜಕೀಯ ಒಪ್ಪಂದ ಏಕೆ ಕುದುರಲಿಲ್ಲ? ಇಂಥದ್ದು. ಅದಕ್ಕೂ ನಿಮ್ಮ ಕೆಲಸಕ್ಕೂ ಏನು ನಂಟು, ನೀವು ಸೇರಬಯಸುವ ವಿಭಾಗದ ಯಾವ ಪತ್ರಿಕೆ ಅದಕ್ಕೆ ನೆರವಾದೀತು ಎಂದು ಬರೆದರೆ ಪುಟ ತುಂಬಿತು. ಶಿಫಾರಸು ಪತ್ರಗಳಲ್ಲಿ ಒಂದು ಪಾಠ ಹೇಳಿದವರದಿರಲಿ, ಇನ್ನೊಂದು ನಿಮ್ಮ ಕೆಲಸ ಕಂಡ ಮೇಲಧಿಕಾರಿಯದು. ದೊಡ್ಡ ಹುದ್ದೆಯವರ ಪೊಳ್ಳು ಹೊಗಳಿಕೆಯಿಂದ ಪ್ರಯೋಜನವಿಲ್ಲ.
– ವಿದ್ಯಾರ್ಥಿವೇತನ ಸಲಹೆಗಾರ

ಮುಂದಿನ ಕೆಲಸದ ಬಗ್ಗೆ ಕೇಳಿದ್ದೀರಿ. ಎಂ.ಎ. ಇಲ್ಲದೆ ವಿಶ್ವಸಂಸ್ಥೆಯ ಬಾಗಿಲು ತೆರೆಯದು ಎಂದುಕೊಳ್ಳಬೇಡಿ. ಅದರ ಯುವ ವೃತ್ತಿಪರರ ನೇಮಕಾತಿ ಪರೀಕ್ಷೆಗೆ ಪದವಿಯೇ ಸಾಕು. ವಯಸ್ಸು 32 ಮೀರಿರಬಾರದು, ಆ ವರ್ಷದ ಪಟ್ಟಿಯಲ್ಲಿ ನಿಮ್ಮ ದೇಶ ಇರಬೇಕು. ಪಟ್ಟಿ ಬದಲಾಗುತ್ತಿರುತ್ತದೆ, ಪ್ರತಿ ವರ್ಷ ನೋಡಿ. ವಿಶ್ವಸಂಸ್ಥೆಯ ಸಚಿವಾಲಯದಲ್ಲಿ ಇಂಟರ್ನ್‌ಶಿಪ್‌ಗೆ ಓದುತ್ತಿರುವಾಗ ಇಲ್ಲವೇ ಪದವಿ ಪಡೆದ ಒಂದು ವರ್ಷದೊಳಗೆ ಸೇರಬೇಕು. ಸಂಬಳವಿಲ್ಲ, ಜಿನೀವಾದಂಥ ನಗರದ ಬಾಡಿಗೆ ನಿಮ್ಮದೇ. ಆ ಹಣವನ್ನು ಕೋರ್ಸಿನ ಬಜೆಟ್ಟಿನಲ್ಲೇ ತೆಗೆದಿಡಿ, ಇಂದಿನಿಂದಲೇ ಫ್ರೆಂಚ್ ಕಲಿಯಲು ಶುರುಮಾಡಿ.
– ಮಾನವೀಯ ನೆರವಿನ ಕ್ಷೇತ್ರದಲ್ಲಿರುವವರು